ಮೂವತ್ತೇಳು ಡಿಗ್ರಿಯ ನೇರ ಗೆರೆ

ಮಂಗಳವಾರ ಬೆಳಿಗ್ಗೆ 9.10ಕ್ಕೆ ಔಷಧಿ ಕಾರ್ಖಾನೆಯ ಮ್ಯಾನೇಜರು ಠಾಣೆಗೆ ಬಂದು ದೂರು ಕೊಟ್ಟರು. ಯಾರೋ ಟ್ಯಾಂಕಿನ ವಾಲ್ವ್ ತೆರೆದು ಎರಡು ಸಾವಿರ ಲೀಟರ್ ಸರಕನ್ನು ಚರಂಡಿಪಾಲು ಮಾಡಿದ್ದರು. ಎಫ್‌ಐಆರ್ ದಾಖಲಾಯಿತು.

10.30ಕ್ಕೆ ಕಾರ್ಖಾನೆಯಲ್ಲಿ ಪಂಚನಾಮೆ. ಟ್ಯಾಂಕಿನಲ್ಲಿ ಇದ್ದದ್ದೇನು ಎಂದು ಮ್ಯಾನೇಜರನ್ನು ಇನ್‌ಸ್ಪೆಕ್ಟರ್ ಕೇಳಿದರು.

"ಜೀವಕೋಶಗಳು ಸಾರ್. ಕ್ಯಾನ್ಸರಿಗೆ ಕೊಡೋ ಆಂಟಿಬಾಡಿಯನ್ನ ಅವೇ ತಯಾರಿಸ್ತವೆ. ಶಾಖ ಮೂವತ್ತೇಳು ಡಿಗ್ರಿ ಇರ್ಬೇಕು."

"ಏರಿದ್ರೆ?"

"ಆಂಟಿಬಾಡಿಗೆ ಅಂಟೋ ಸಕ್ಕರೆ ಸರಪಳಿ ಬದಲಾಗಬಹುದು. ನೋಡೋಕೆ ಅದೇ ಔಷಧಿ, ಕೆಲಸ ಮಾತ್ರ ಅಷ್ಟಕ್ಕಷ್ಟೇ. ನಮ್ಮಲ್ಲಿ ಹಾಗೆಲ್ಲ ಆಗಲ್ಲ."

ಮಹಿಳಾ ಹೆಡ್ ಕಾನ್‌ಸ್ಟೇಬಲ್ ಶಾಖದ ದಾಖಲೆ ತಿರುವಿಹಾಕುತ್ತಿದ್ದರು. ಇಬ್ಬರು ಮಕ್ಕಳ ಜ್ವರ ನೋಡಿದ ಹೆಂಗಸು, ಥರ್ಮಾಮೀಟರಿನ ಬುದ್ಧಿ ಬಲ್ಲವರು.

"ಸಾರ್, ಉಳಿದ ದಿನ ಗೆರೆ ಅಂಕುಡೊಂಕಾಗಿದೆ. ಭಾನುವಾರ ಮಧ್ಯಾಹ್ನ ಐದು ಗಂಟೆ ಕಾಲ ಮಾತ್ರ ಸ್ಕೇಲ್ ಇಟ್ಟು ಎಳೆದ ಹಾಗಿದೆ."

ಮ್ಯಾನೇಜರು ಕನ್ನಡಕ ತೆಗೆದು ಒರೆಸತೊಡಗಿದರು.

ಪ್ರತಿ ಪಾಳಿಯಲ್ಲೂ ಟ್ಯಾಂಕಿನಿಂದ ಒಂದು ಸೀಸೆ ತೆಗೆದು ಫ್ರೀಜರಿನಲ್ಲಿಡುವುದು ಅಲ್ಲಿನ ಪದ್ಧತಿ. ಆ ಮಂಗಳವಾರ ಬೆಳಗಿನ ಸೀಸೆಯೂ ಅಲ್ಲಿತ್ತು. ಮೇಲೆ ಸಮಯ 6.40, ವಾಲ್ವ್ ತೆರೆಯುವ ತುಸು ಮುಂಚಿನದು; ಕೆಳಗೆ ಸಹಿ. ತಪ್ಪು ಮಾಡುವ ಮುನ್ನ ಸಹಿ ಹಾಕಿದ ಆರೋಪಿಯನ್ನು ಇನ್‌ಸ್ಪೆಕ್ಟರ್ ತಮ್ಮ ಸರ್ವಿಸ್ಸಿನಲ್ಲೇ ಕಂಡಿರಲಿಲ್ಲ. ಸಹಿ ಹಿರಿಯ ಆಪರೇಟರಳದು. ಟ್ಯಾಂಕಿಗೆ ಬಾಣಂತನ ಮಾಡುತ್ತಾಳೆಂದು ಜೊತೆಯವರು ಆಕೆಯನ್ನು 'ಸೂಲಗಿತ್ತಿ' ಎಂದು ಕರೆಯುತ್ತಿದ್ದರು.

11.50ಕ್ಕೆ ಆಕೆಯ ವಿಚಾರಣೆ.

"ವಾಲ್ವ್ ತೆರೆದದ್ದು ನೀವಾ?"

"ಹೌದು ಸಾರ್."

"ಯಾಕೆ?"

"ಭಾನುವಾರ ತಣ್ಣೀರಿನ ಪಂಪು ಕೆಟ್ಟು ಮೂವತ್ತೊಂಬತ್ತಕ್ಕೆ ಏರ್ತು. ಮ್ಯಾನೇಜರು ಆ ಹಾಳೇನೇ ಬದಲಾಯಿಸಿದ್ರು. ದಾಖಲೆ ಸರಿಯಿದ್ರೆ ಇಲ್ಲಿ ಸಕ್ಕರೆ ಸರಪಳಿ ಪರೀಕ್ಷೆ ಮಾಡಲ್ಲ. ನಿನ್ನೆಯೆಲ್ಲ ಗೋಗರೆದೆ, ಬಾಯಿ ಮುಚ್ಕೊಂಡು ಕೆಲಸ ನೋಡು ಅಂದ್ರು. ಇವತ್ತು ಎಂಟಕ್ಕೆ ಟ್ಯಾಂಕಿನ ಸರಕು ಔಷಧಿ ಆಗೋಕೆ ಮುಂದಿನ ಹಂತಕ್ಕೆ ಹೋಗ್ತಿತ್ತು."

"ಸೀಸೆ ಯಾಕೆ ಇಟ್ರಿ?"

"ನಾಳೆ ಯಾರಾದ್ರೂ ಪರೀಕ್ಷೆ ಮಾಡ್ಲಿ ಅಂತ."

ಭಾನುವಾರದ ಸೀಸೆಯ ಮೇಲೆ 39.2 ಎಂದು ಬರೆದಿತ್ತು. ಹಾಳೆ ಬದಲಿಸಿದವರಿಗೆ ಫ್ರೀಜರಿನ ನೆನಪಾಗಿರಲಿಲ್ಲ. ಎರಡೂ ಸೀಸೆಗಳನ್ನು ಜಪ್ತಿ ಮಾಡಿ ಪ್ರಯೋಗಾಲಯಕ್ಕೆ ಕಳಿಸಿದರು. 2.15ಕ್ಕೆ ಮ್ಯಾನೇಜರ ಮೇಲೂ ಎಫ್‌ಐಆರ್ ಆಯಿತು. ಆದರೆ ಕಾನೂನು ಕಾನೂನೇ, 2.40ಕ್ಕೆ ಆಪರೇಟರಳನ್ನು ಬಂಧಿಸಲಾಯಿತು.

ಬಂಧನ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವಾಗ ಇನ್‌ಸ್ಪೆಕ್ಟರ್ ಕೇಳಿದರು, "ನಿಮ್ಮವರು ಯಾರಾದ್ರೂ ಈ ಔಷಧಿ ತಗೋತಾರಾ?"

"ಅಕ್ಕ ತಗೋತಿದ್ಲು. ನನ್ನ ತಂಗಿ ಮಾಡಿದ್ದು ಅಂತ ಆಸ್ಪತ್ರೆಯವರಿಗೆಲ್ಲ ಹೇಳ್ಕೊಂಡು ಓಡಾಡ್ತಿದ್ಲು." ಆಕೆ ಪತ್ರಕ್ಕೆ ಸಹಿ ಹಾಕಿದಳು. "ಆರು ಸಲ ಕೊಟ್ರು, ನಾಟಲಿಲ್ಲ. ಹೋದ ವರ್ಷ ತೀರ್ಕೊಂಡ್ಲು. ಅವಳ ಔಷಧಿ ಬಂದ ಟ್ಯಾಂಕಿನ ಗೆರೇನೂ ಹೀಗೇ ನೇರ ಇತ್ತು ಸಾರ್. ಗೊತ್ತಿದ್ದೂ ಆ ಹಾಳೆಗೆ ನಾನೇ ಸಹಿ ಹಾಕಿದ್ದೆ."

ಹೆಡ್ ಕಾನ್‌ಸ್ಟೇಬಲ್ ಆ ಮಾತನ್ನೂ ಹೇಳಿಕೆಯಲ್ಲಿ ಬರೆದುಕೊಂಡರು.