ಆನೆ ಗೊಂಬೆಯ ನಕ್ಷೆ ಕದ್ದವರು ಯಾರು?

ಶನಿವಾರ ಬೆಳಿಗ್ಗೆ ಹತ್ತು ಗಂಟೆ. ಚನ್ನಪಟ್ಟಣದ ಗೊಂಬೆ ಕಾರ್ಖಾನೆಯ ಯಜಮಾನ ಬಸವಲಿಂಗಯ್ಯ ಆಫೀಸಿಗೆ ಬಂದವರೇ ಮಡಿಸಿದ ಕಾಗದವೊಂದನ್ನು ಗೊಂಬೆಗಳ ನಕ್ಷೆ ಬರೆಯುವ ಸೌಮ್ಯಳ ಮೇಜಿನ ಮೇಲೆ ಬಿಚ್ಚಿಟ್ಟರು.

“ಇದು ಯಾರ ನಕ್ಷೆ, ಹೇಳಮ್ಮ.”

ಸೌಮ್ಯ ನೋಡಿದಳು. ಎಳೆದರೆ ಸೊಂಡಿಲು ಆಡಿಸುತ್ತ ಉರುಳುವ ಆನೆ. ಎರಡು ತಿಂಗಳು ಕೂತು ಕಂಪ್ಯೂಟರಿನಲ್ಲಿ ತಾನೇ ಬರೆದದ್ದು.

“ನಂದೇ ಸಾರ್. ಆದ್ರೆ ನಾನು ಇದನ್ನ ಪ್ರಿಂಟೇ ತೆಗೆದಿಲ್ವಲ್ಲ! ಎಲ್ಲಿ ಸಿಕ್ತು?”

“ಬೈಪಾಸ್ ಹತ್ರ ಹೊಸ ಫ್ಯಾಕ್ಟರಿ ಎದ್ದೈತಲ್ಲ, ಅಲ್ಲಿ. ನಮ್ಮಲ್ಲಿದ್ದ ಕೆಲಸಗಾರ ಒಬ್ಬ ಈಗ ಅಲ್ಲೇ ಅವ್ನೆ. ಮನಸ್ಸು ತಡೀದೆ ತಂದ್ಕೊಟ್ಟ. ಅಲ್ಲಿಗೆ ಯಾರು ಕೊಟ್ರೋ ಅವನಿಗೂ ಗೊತ್ತಿಲ್ಲ.”

ಸೋಮವಾರ ಜರ್ಮನಿಯ ವ್ಯಾಪಾರಿಗಳು ಬರುವವರಿದ್ದರು. ಈ ಆನೆ ಅವರಿಗೆ ಒಪ್ಪಿಗೆಯಾದರೆ ಹದಿನೈದು ಮಂದಿಗೆ ವರ್ಷವಿಡೀ ಕೆಲಸ.

“ಕಂಪ್ಯೂಟರಿನ ಪಾಸ್‌ವರ್ಡ್ ಯಾರಿಗೆಲ್ಲ ಗೊತ್ತು?”

“ನನಗೊಬ್ಬಳಿಗೇ.”

“ಅಂದ್ಮೇಲೆ ನಾನು ಬೇರೆ ಯಾರನ್ನ ಕೇಳ್ಲಿ?”

ಸೌಮ್ಯ ನಕ್ಷೆಯನ್ನು ತನ್ನ ಕಡೆ ಎಳೆದುಕೊಂಡಳು. ವಿರೂಪಾಕ್ಷಿಪುರದಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ಅವಳಿಗೆ ಈ ಕೆಲಸ ಸಿಕ್ಕಿ ಎರಡು ವರ್ಷವಾಗಿತ್ತು.

“ಒಸಿ ತಡೀರಿ ಯಜಮಾನ್ರೇ” ಎಂದಿತು ಮೇಜಿನ ಕೆಳಗಿನಿಂದ ಒಂದು ದನಿ.

ತಾಜ್ ಪಾಷಾ ಎದ್ದು ನಿಂತು ಮೊಣಕಾಲಿನ ಧೂಳು ಕೊಡವಿಕೊಂಡ. ಬಸ್ ಸ್ಟ್ಯಾಂಡಿನ ಬಳಿ ಇಪ್ಪತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನು. ಈಗ ಕಂಪ್ಯೂಟರೂ ನೋಡುತ್ತಾನೆ. ಕಂಪ್ಯೂಟರಿನ ಟೈಮು ತಪ್ಪು ತೋರಿಸುತ್ತಿದೆ, ಒಳಗಿನ ಸೆಲ್ ಬದಲಾಯಿಸಿ ಎಂದು ಸೌಮ್ಯಳೇ ಅವನನ್ನು ಕರೆಸಿದ್ದಳು.

“ಸೆಲ್ ಚೆನ್ನಾಗೈತೆ. ಆದ್ರೂ ಟೈಮು ಹಿಂದೈತೆ. ಗೋಡೇಲಿ ಹತ್ತೂ ಹತ್ತು, ಇದ್ರಲ್ಲಿ ನಾಕೂ ನಲವತ್ತು. ಸರಿಯಾಗಿ ಐದೂವರೆ ಗಂಟೆ! ಕೆಟ್ಟ ಗಡಿಯಾರ ಇಷ್ಟು ಅಚ್ಚುಕಟ್ಟಾಗಿ ಹಿಂದಕ್ಕೆ ಹೋಗಲ್ಲ.”

“ಅದಕ್ಕೂ ಇದಕ್ಕೂ ಏನಯ್ಯಾ ಸಂಬಂಧ?”

ತಾಜ್ ಸೌಮ್ಯಳ ಕಡೆ ತಿರುಗಿದ.

“ಯಾವತ್ತಿಂದ ಹಿಂಗಾಗಿದ್ದು?”

“ಗುರುವಾರದಿಂದ. ಬೆಳಿಗ್ಗೆ ಸರಿಯಾಗೇ ಇತ್ತು.”

“ಆವತ್ತು ಮಾಲು ಕಳಿಸಿದ ಚಲನ್ ಐತಾ?”

ಫೈಲು ಬಂತು. ಗುರುವಾರದ ಒಂದು ಚಲನ್ ಮೇಲೆ ಹನ್ನೆರಡೂ ಐವತ್ತು ಎಂದು ಅಚ್ಚಾಗಿತ್ತು. ಮುಂದಿನದರ ಮೇಲೆ — ಬೆಳಿಗ್ಗೆ ಒಂಬತ್ತೂ ನಲವತ್ತೈದು!

“ಈ ಎರಡನೇ ಲಾರಿ ಬಂದಿದ್ದು ಯಾವಾಗ?”

“ಮೂರೂಕಾಲಿಗೆ” ಎಂದಳು ಸೌಮ್ಯ. “ಮಧ್ಯೆ ನಾನು ಲೇತ್ ಶೆಡ್ಡಿನಲ್ಲಿದ್ದೆ.”

“ಅಂದ್ರೆ ಒಂದರಿಂದ ಮೂರರ ಒಳಗೆ.” ತಾಜ್ ಕುರ್ಚಿ ಎಳೆದು ಕೂತ. “ಆ ಹೊತ್ತಲ್ಲಿ ಆಫೀಸಲ್ಲಿ ಯಾರಿದ್ರು?”

ಆಫೀಸಿಗೆ ಬಂದು ಹೋಗುವವರು ಇನ್ನಿಬ್ಬರೇ. ಯಜಮಾನರು ಇಬ್ಬರನ್ನೂ ಕರೆಸಿದರು. ಒಬ್ಬರು ಯಜಮಾನರ ತಮ್ಮ ಉದಯಶಂಕರ್.

“ನಾನು ಮಾಗಡಿಗೆ ಮರ ನೋಡೋಕೆ ಹೋಗಿದ್ದೆ” ಎಂದರು ಅವರು.

“ನಾನೂ ಜೊತೇಲಿದ್ದೆ. ಬಂದಾಗ ಸಂಜೆ ಆಗಿತ್ತು” ಎಂದರು ಬಸವಲಿಂಗಯ್ಯ.

ಇನ್ನೊಬ್ಬ ಮನೋಹರ್. ಆರು ವರ್ಷದಿಂದ ಮಾಲು ಕಳಿಸುವ ಕೆಲಸ ಅವನದು.

“ನಾನು ಆಚೆ ಹುಣಸೆ ಮರದ ಕೆಳಗೆ ಕೂತಿದ್ದೆ ಕಣಣ್ಣ” ಎಂದ ಮನೋಹರ್. “ಒಂದು ಗಂಟೆಗೆ ಕರೆಂಟ್ ಹೋಯ್ತು, ಮೂರಕ್ಕೆ ಬಂತು. ಫ್ಯಾನಿಲ್ದೆ ಒಳಗೆ ಯಾರು ಕೂತ್ಕತಾರೆ? ಕರೆಂಟೇ ಇಲ್ಲ ಅಂದ್ಮೇಲೆ ಕಂಪ್ಯೂಟರ್ ಹೆಂಗೆ ಆನ್ ಆಯ್ತದೆ?”

“ನಿಜ” ಎಂದ ತಾಜ್. “ಶೆಡ್ಡಿಗೂ ಆಫೀಸಿಗೂ ಒಂದೇ ಲೈನಾ ಯಜಮಾನ್ರೇ?”

“ಒಂದೇ. ಜನರೇಟರೂ ಇಲ್ಲ.”

ಸೌಮ್ಯ ಏನೋ ಹೇಳಹೋದಳು. ತಾಜ್ ಕೈಸನ್ನೆಯಲ್ಲೇ ಅವಳನ್ನು ತಡೆದು, ಬಾಗಿಲಿಗೆ ಹೋಗಿ ಕೆಂಚಮ್ಮನನ್ನು ಕೂಗಿದ. ಮೂವತ್ತು ವರ್ಷದಿಂದ ಗೊಂಬೆಗೆ ಅರಗು ಹಚ್ಚುತ್ತಿದ್ದ ಹೆಂಗಸು ಕೈ ಒರೆಸಿಕೊಳ್ಳುತ್ತ ಬಂದಳು.

“ಅಕ್ಕಾ, ಗುರುವಾರ ಮಧ್ಯಾಹ್ನ ಕರೆಂಟ್ ಎಷ್ಟೊತ್ತು ಹೋಗಿತ್ತು?”

“ಗುರುವಾರವಾ? ಎಲ್ಲೋಗಿತ್ತು? ನಾನೂ ಸೌಮ್ಯನೂ ಊಟ ಬುಟ್ಟು ಆನೆ ಚಕ್ರ ಕಡೀತಾ ಇದ್ವಲ್ಲ. ಮೂರು ಗಂಟೆಗಂಟ ಲೇತು ನಿಂತೇ ಇಲ್ಲ.”

ಮನೋಹರ್ ಕಿಟಕಿಯಾಚೆ ನೋಡತೊಡಗಿದ.

“ಪಾಸ್‌ವರ್ಡ್ ಇಲ್ದೆ ಇವನು ಒಳಗೆ ಹೋಗಿದ್ದು ಹೆಂಗೆ?” ಬಸವಲಿಂಗಯ್ಯನವರ ದನಿ ತಗ್ಗಿತ್ತು.

“ಪಾಸ್‌ವರ್ಡ್ ಕೇಳೋದು ಕಂಪ್ಯೂಟರಲ್ಲ, ಅದ್ರೊಳಗಿನ ವಿಂಡೋಸ್. ಈಗ ಒಂದು ಪೆನ್ ಡ್ರೈವಿಗೇ ವಿಂಡೋಸ್ ತರದ್ದೇ ಬೇರೆ ಸಿಸ್ಟಮ್ಮು ಪೂರ್ತಿ ತುಂಬ್ಕೊಂಡು ಓಡಾಡ್ಬೋದು. ಚುಚ್ಚಿ ಆನ್ ಮಾಡಿದ್ರೆ ವಿಂಡೋಸ್ ಏಳೋದೇ ಇಲ್ಲ. ಪೆನ್ ಡ್ರೈವಿನದೇ ಎದ್ದು ಕೂರ್ತದೆ. ಡಿಸ್ಕಲ್ಲಿರೋ ಫೈಲೆಲ್ಲ ಕಣ್ಮುಂದೆ. ಬೇಕಾದ್ದು ತಗೊಂಡು ಕಿತ್ಕೊಂಡ್ರೆ, ಬಂದಿದ್ದು ಹೋಗಿದ್ದು ವಿಂಡೋಸಿಗೆ ಗೊತ್ತೇ ಇರಲ್ಲ.”

“ಮತ್ತೆ ನಿನಗೆ ಹೆಂಗೆ ಗೊತ್ತಾಯ್ತು?”

“ಗಡಿಯಾರದಿಂದ! ಆ ಸಿಸ್ಟಮ್ಮು ಇಂಟರ್‌ನೆಟ್‌ನಿಂದ ಸರಿಯಾದ ಟೈಮ್ ತಗೊಂಡು, ಹೋಗುವಾಗ ಮಿಷನ್ನಿನ ಗಡಿಯಾರಕ್ಕೆ ಗ್ರೀನಿಚ್ ಟೈಮಲ್ಲಿ ಬರೆದಿಟ್ಟು ಹೋಗ್ತದೆ. ಅದು ನಮಗಿಂತ ಐದೂವರೆ ಗಂಟೆ ಹಿಂದೆ. ವಿಂಡೋಸ್ ಎದ್ದು ಅದನ್ನೇ ನಮ್ಮೂರ ಟೈಮ್ ಅಂದ್ಕೊಳ್ತು. ಎಲ್ರೂ ಸೆಲ್ ಹೋಗೈತೆ ಅಂದ್ಕೊಂಡ್ರಿ. ಸೌಮ್ಯನಿಗೆ ಈ ಕಸರತ್ತು ಯಾಕೆ ಬೇಕು? ಅವಳಿಗೆ ಪಾಸ್‌ವರ್ಡೇ ಗೊತ್ತಲ್ಲ. ಇನ್ನು ಇದ್ದ ಕರೆಂಟನ್ನ ಇಲ್ಲ ಅಂದವನು ಒಬ್ಬನೇ — ಮನೋಹರ್.”

ಮನೋಹರ್ ಪ್ಯಾಂಟಿನ ಜೇಬಿನಿಂದ ಕಪ್ಪು ಪೆನ್ ಡ್ರೈವೊಂದನ್ನು ತೆಗೆದು ಮೇಜಿನ ಮೇಲಿಟ್ಟ.

“ಅಲ್ಲಿ ಮ್ಯಾನೇಜರ್ ಮಾಡ್ತೀವಿ ಅಂದ್ರು” ಎಂದ. “ಆರು ವರ್ಷ ಇಲ್ಲಿ ಡಬ್ಬ ಎಣಿಸ್ದೆ ಯಜಮಾನ್ರೇ. ನಿನ್ನೆ ಮೊನ್ನೆ ಬಂದವಳಿಗೆ ಮೇಜು, ಕಂಪ್ಯೂಟರು...”

“ಅದನ್ನ ನನ್ನ ಕೇಳ್ಬೇಕಿತ್ತು ಕಣ್ಲಾ” ಎಂದರು ಬಸವಲಿಂಗಯ್ಯ. “ಆ ಹುಡುಗಿ ತಲೆ ಮೇಲೆ ಹೊರಿಸ್ಬಾರ್ದಿತ್ತು. ನಡಿ, ನಾಳೆಯಿಂದ ಬರ್ಬೇಡ.”

ಅವನು ಹೋದ ಮೇಲೆ ಅವರು ಸೌಮ್ಯಳ ಕಡೆ ತಿರುಗಿದರು. “ತಪ್ಪಾಯ್ತಮ್ಮ. ಸೋಮವಾರ ಆನೆ ತೋರ್ಸೋದು ನೀನೇ. ನಕ್ಷೆ ಬೈಪಾಸಿನವ್ರ ಕೈ ಸೇರಿದ್ರೂ ನಮ್ಮ ಆನೆ ಮೊದ್ಲು ಉರುಳ್ತದೆ.”

ಸೌಮ್ಯ ಕಣ್ಣೊರೆಸಿಕೊಂಡಳು. ಆದರೆ ಕುರ್ಚಿಯಲ್ಲಿ ಕೂರಲಿಲ್ಲ.

“ಸಾರ್, ಈ ತಪ್ಪಾಯ್ತು ಅನ್ನೋ ಮಾತು ಈ ರೂಮಲ್ಲೇ ಉಳಿದ್ರೆ ಆಗಲ್ಲ. ನೀವು ನನ್ನ ಕೇಳಿದ್ದು ಶೆಡ್ಡಿಗೂ ಕೇಳಿಸೈತೆ.”

ಬಸವಲಿಂಗಯ್ಯ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಶೆಡ್ಡಿನ ಕಡೆ ನಡೆದರು. ಒಂದೊಂದಾಗಿ ಲೇತುಗಳು ನಿಂತವು.