ಹಳೇ ಪೀಪಾಯಿ, ಅವಸರದ ಮಾತು

ವಿಜಯವಾಡದ ಲಾರಿಯಿಂದ ಇಳಿಸಿದ ಓಕ್ ಪೀಪಾಯಿಗೆ ನೀರು ತುಂಬಿಸಿದ್ದೇ ತಡ, ಸುತ್ತಲೂ ಸೋರತೊಡಗಿತು. ಶ್ರೀರಕ್ಷಾಳ ಚಪ್ಪಲಿ ತೊಯ್ದುಹೋದವು.

"ಕತ್ತೆ! ಒಡೆದಿರೋದನ್ನ ಕಳ್ಸಿದಾನೆ," ಎಂದು ಕನ್ನಡದಲ್ಲೇ ಬೈದಳು. ವಿಶಾಖಪಟ್ಟಣದಲ್ಲಿ ಯಾರಿಗೆ ಅರ್ಥವಾಗಬೇಕು?

"ಒಡೆದಿಲ್ಲ, ಒಣಗಿದೆ," ಲಾರಿಯ ಹಿಂದಿನಿಂದ ಧ್ವನಿ ಬಂತು. "ನೀರು ಕುಡಿದ್ರೆ ಹಲಗೆ ಉಬ್ಬುತ್ತೆ, ಸೋರೋದು ನಿಲ್ಲುತ್ತೆ. ಆ ಕತ್ತೆ ನಾನೇ. ಹೆಸರು ತೇಜ."

ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ನಗು ತಡೆದುಕೊಂಡ ತುಂಟತನವಿತ್ತು. ಅವಳು ನಾಚಿ ತಲೆ ತಗ್ಗಿಸಿದಳು.

ದಾವಣಗೆರೆಯ ಶ್ರೀರಕ್ಷಾ ವಿಶಾಖಪಟ್ಟಣದ ಹೊರಗೆ, ಭೀಮುನಿಪಟ್ಟಣದ ದಾರಿಯ ಸಣ್ಣ ಬ್ರೂವರಿಯಲ್ಲಿ ಬಿಯರ್ ತಯಾರಿಸುತ್ತಿದ್ದಳು. ವಿಸ್ಕಿ ಕಂಪನಿಗಳು ಬಳಸಿ ಬಿಟ್ಟ ಪೀಪಾಯಿಗಳನ್ನು ಬಿಚ್ಚಿ, ಒಳಮೈ ಕೆರೆದು, ಬೆಂಕಿಯಲ್ಲಿ ಕಾಯಿಸಿ, ಮತ್ತೆ ಕಟ್ಟಿಕೊಡುವುದು ವಿಜಯವಾಡದ ಬಳಿಯ ಕೊಂಡಪಲ್ಲಿಯ ಶೆಡ್ಡಿನಲ್ಲಿ ತೇಜನ ಕೆಲಸ. ಅಪ್ಪ ತೆಲುಗಿನವರು, ಅಮ್ಮ ಚಿತ್ರದುರ್ಗದವರು. ಅವನ ಕನ್ನಡ ಅಮ್ಮನ ಅಡುಗೆಮನೆ ದಾಟಿ ಹೆಚ್ಚು ಓಡಾಡಿರಲಿಲ್ಲ.

ಪೀಪಾಯಿ ನೋಡುವ ನೆಪದಲ್ಲಿ ಅವನು ಮತ್ತೆ ಮತ್ತೆ ಬಂದ. ಪೀಪಾಯಿಯಲ್ಲಿ ಮಾಗುತ್ತಿದ್ದ ಕಪ್ಪು ಬಿಯರನ್ನು ಇಬ್ಬರೂ ಒಂದೇ ಗ್ಲಾಸಿನಲ್ಲಿ ರುಚಿ ನೋಡಿದರು.

"ಏನು ಗೊತ್ತಾಗ್ತಿದೆ?" ಎಂದು ತೇಜ ಕೇಳಿದ.

"ವೆನಿಲ್ಲಾ. ಸ್ವಲ್ಪ ಹೊಗೆ. ಹಳೇ ವಿಸ್ಕಿ ಇನ್ನೂ ಹೋಗಿಲ್ಲ."

"ಇರಲಿ ಬಿಡಿ. ಅದೇ ಚೆಂದ."

ಅವನ ನೋಟ ಗ್ಲಾಸಿನ ಮೇಲಿತ್ತೋ, ಗ್ಲಾಸು ಹಿಡಿದ ಬೆರಳುಗಳ ಮೇಲಿತ್ತೋ, ಶ್ರೀರಕ್ಷಾಗೆ ತಿಳಿಯಲಿಲ್ಲ.

ಒಂದು ಸಂಜೆ ಹೊರಟವನು ಗೇಟಿನ ಬಳಿ ನಿಂತ. "ಗೋವಾದ ಡಿಸ್ಟಿಲರಿಯವರು ಕೆಲಸಕ್ಕೆ ಕರೀತಿದಾರೆ. ಹೋಗ್ಲಾ, ಬೇಡ್ವಾ, ತಿಳೀತಿಲ್ಲ. ಶ್ರೀರಕ್ಷಾ ಅವರೇ... ನಂಗೆ ನಿಮ್ಮ ಅವಸರ ಇದೆ."

ಯಾವ ಅವಸರ? ಉತ್ತರ ಈಗಲೇ ಬೇಕೆಂದೇ? ಅವನಿಗೆ ಸಮಾಧಾನವಾಗಲೆಂದು ಮೆಲ್ಲಗೆ ಹೇಳಿದಳು: "ಅವಸರ ಏನೂ ಇಲ್ಲ, ತೇಜ."

ಅವನ ಮುಖ ಬಾಡಿತು. "ಸರೇ ಅಂಡಿ," ಸರಿ ಎಂದು ತೆಲುಗಿನಲ್ಲಿ ಹೇಳಿದವನೇ ಹೊರಟುಹೋದ.

ಮುಂದಿನ ಲಾರಿಯಲ್ಲಿ ಪೀಪಾಯಿಗಳು ಮಾತ್ರ ಬಂದವು. ಅವಳ ಮೆಸೇಜುಗಳಿಗೆ ಕೆಲಸದ ಮಾತಷ್ಟೇ ಉತ್ತರ. ತಾನು ಅಂದಿದ್ದಾದರೂ ಏನು? ಬೆಳಿಗ್ಗೆ ಅವನ ಮೇಲೆ ಸಿಟ್ಟು ಬರುತ್ತಿತ್ತು, ಮಧ್ಯಾಹ್ನ ತನ್ನ ಮೇಲೆ; ಸಂಜೆಗೆ ಕೈ ತಾನೇ ಫೋನ್ ಹುಡುಕುತ್ತಿತ್ತು.

ಮನೆ ಓನರ್ ಭ್ರಮರಾಂಬ, ಕನ್ನಡದ ಬ್ಯಾಂಕ್ ಆಫೀಸರುಗಳಿಗೆ ಬಾಡಿಗೆಗೆ ಕೊಟ್ಟು ಕೊಟ್ಟು ಅರೆಬರೆ ಕನ್ನಡ ಕಲಿತವರು. ಹೆಸರುಕಾಳಿನ ದೋಸೆ ಪೆಸರಟ್ಟು ಬಡಿಸುತ್ತಾ ಎಲ್ಲವನ್ನೂ ಕೇಳಿ ಹಣೆ ಚಚ್ಚಿಕೊಂಡರು.

"ತೆಲುಗಲ್ಲಿ ಅವಸರಂ ಅಂದ್ರೆ ಅಗತ್ಯ ಅಂತಮ್ಮಾ! ನೀನು ಬೇಕು ಅಂದ ಹುಡುಗನಿಗೆ ಬೇಕಾಗಿಲ್ಲ ಹೋಗು ಅಂದ್ಬಿಟ್ಟೆ!"

ಮರುದಿನ ಅವಳು ವಿಜಯವಾಡದ ರೈಲು ಹತ್ತಿದಳು. ಫೋನಿನಲ್ಲಿ ಮಾತು ಮತ್ತೆ ದಾರಿ ತಪ್ಪಿದರೆ ಎಂಬ ಭಯ. ರಾಜಮಂಡ್ರಿ ದಾಟುವಾಗ ಇನ್ನೊಂದು ಅನುಮಾನ ಹುಟ್ಟಿತು: ಅವನು ಬರೀ ವ್ಯಾಪಾರಕ್ಕೆ ಬೇಕು ಅಂದಿದ್ದರೆ?

ಕೊಂಡಪಲ್ಲಿಯ ಶೆಡ್ಡಿನಲ್ಲಿ ತೇಜ ಪೀಪಾಯಿಯೊಳಗೆ ಬೆಂಕಿಯಿಟ್ಟು ಕಾಯಿಸುತ್ತಿದ್ದ. ಅವಳನ್ನು ಕಂಡು ಗಾಬರಿಯಾದ. "ಏನಾದ್ರೂ ಕಂಪ್ಲೇಂಟಾ?"

"ಹೂಂ, ನಿಮ್ಮ ಮೇಲೆ. ಅವತ್ತು ನೀವು ತೆಲುಗಲ್ಲಿ ಹೇಳಿದ್ರಿ, ನಾನು ಕನ್ನಡದಲ್ಲಿ ಕೇಳಿಸ್ಕೊಂಡೆ. ಆತುರ ಬೇಡ ಅಂದೆ ಅಷ್ಟೆ. ನೀವು ಬೇಡ ಅನ್ನಲಿಲ್ಲ."

ತೇಜನ ಕೈಯ ಕಬ್ಬಿಣದ ಸಲಾಕೆ ಅಲ್ಲೇ ನಿಂತಿತು.

"ನಾನು ಬರೀ ವ್ಯಾಪಾರಕ್ಕೆ ಬೇಕು ಅಂದಿದ್ರಾ," ಅವಳ ಧ್ವನಿ ಸಣ್ಣದಾಯಿತು, "ಅಥವಾ..."

"ಅಥವಾ," ಎಂದ ತೇಜ.

"ಏನು ಅಥವಾ?"

"ಅದೇ. ಎರಡನೇದು."

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. "ನಂಗೂ ಎರಡನೇದೇ. ಗೋವಾಗೆ ಏನು ಹೇಳಿದ್ರಿ?"

"ಇನ್ನೂ ಏನೂ ಹೇಳಿಲ್ಲ."

"ಬರಲ್ಲ ಅಂತ ಹೇಳಿ."

"ಹೇಳ್ತೀನಿ." ಅವನು ಅವಳನ್ನೇ ನೋಡುತ್ತಾ ನಿಂತ.

"ಲೋ ತೇಜಾ! ಬ್ಯಾರೆಲ್ಲು!" ಬಾಗಿಲಲ್ಲಿ ಅಮ್ಮ ವಿಜಯಲಕ್ಷ್ಮೀ ಕೂಗಿದರು. ಪೀಪಾಯಿಯ ಅಂಚಿಗೆ ಬೆಂಕಿ ಹತ್ತಿತ್ತು. ಇಬ್ಬರೂ ಬಕೆಟ್ಟಿಗೆ ಓಡಿ, ಡಿಕ್ಕಿ ಹೊಡೆದು, ಹೇಗೋ ನೀರು ಸುರಿದರು. ಶೆಡ್ಡಿನ ತುಂಬ ಹೊಗೆ.

ಹೊಗೆ ಕರಗಿದಾಗ ವಿಜಯಲಕ್ಷ್ಮೀ ಮೊದಲು ಸುಟ್ಟ ಹಲಗೆ ನೋಡಿದರು, ಆಮೇಲೆ ಮಸಿ ಮೆತ್ತಿದ ಹುಡುಗಿಯನ್ನು. "ಯಾರೋ ಇವಳು?"

ತೇಜ ಶ್ರೀರಕ್ಷಾಳ ಕೈ ಹಿಡಿದುಕೊಂಡ.

ಅಮ್ಮ ಒಂದು ಗಳಿಗೆ ಆ ಕೈಗಳನ್ನೇ ನೋಡಿದರು.

"ಇಬ್ರೂ ಮುಖ ತೊಳ್ಕೊಂಡು ಒಳಗೆ ಬನ್ನಿ. ಅನ್ನಕ್ಕಿಡ್ತೀನಿ."