ಹಿಡಿತದ ಪ್ರಾಕ್ಟೀಸ್

"ದಿನಾ ನಾನೇ ಯಾಕಜ್ಜ?" ಚಿನಕುರುಳಿ ಮುಖ ಊದಿಸಿಕೊಂಡಳು.

"ಹಿಡಿತದ ಪ್ರಾಕ್ಟೀಸ್ ಕಣೇ. ಬಾ, ಕೈ ಕೊಡು!" ಮ್ಯಾಟಿನ ಮೇಲೆ ಕೂತಿದ್ದ ಅಜ್ಜ ಎರಡೂ ಕೈ ಚಾಚಿದರು.

ಅವಳು ಕಾಲೂರಿ, ಹಲ್ಲು ಕಚ್ಚಿ ಎಳೆದಳು. ಅಜ್ಜ ಎದ್ದು ನಿಂತರು.

"ಕ್ರೇನ್ ಬಂತು, ಕ್ರೇನ್!" ಎಂದು ಲಂಬು ಕೂಗಿದ. ಕುಸ್ತಿ ಕ್ಲಾಸಿನಲ್ಲೆಲ್ಲ ಅವನೇ ಉದ್ದ, ಅವನ ಬಾಯಿ ಅವನಿಗಿಂತ ಉದ್ದ. ಎಲ್ಲರೂ ಗೊಳ್ಳೆಂದು ನಕ್ಕರು.

ಅಜ್ಜ ಒಂದು ಕಾಲಕ್ಕೆ ದೇಶದ ಕುಸ್ತಿ ಚಾಂಪಿಯನ್. ಮೂವತ್ತು ವರ್ಷದಿಂದ ಇದೇ ಹಾಲ್‌ನಲ್ಲಿ ಕೋಚ್. "ನನ್ನ ಬೆನ್ನು ನೆಲ ಮುಟ್ಟೋದು ನಿದ್ದೆ ಬಂದಾಗ ಮಾತ್ರ" ಎಂದು ಬಡಾಯಿ ಕೊಚ್ಚುತ್ತಾರೆ. ಅದು ಪೂರ್ತಿ ಬಡಾಯಿಯೂ ಅಲ್ಲ. ಅಂಥವರ ಮೊಮ್ಮಗಳಿಗೆ ಕ್ರೇನ್ ಎಂಬ ಹೆಸರು! ನಾಳೆಯಿಂದ ಕೈ ಕೊಡುವುದೇ ಇಲ್ಲ ಎಂದು ಅವಳು ತೀರ್ಮಾನಿಸಿದಳು.

ಮರುದಿನ ಅಜ್ಜ ಮ್ಯಾಟಿನ ಮೇಲೆ ಕೂತು ಕಾಲು ಹಿಡಿಯುವ ಪಟ್ಟು ತೋರಿಸಿದರು. ಆಮೇಲೆ ಎಲ್ಲರೂ ನೀರು ಕುಡಿಯಲು ಓಡಿದರು. ಚಿನಕುರುಳಿ ಮಾತ್ರ ಶೂ ಇಡುವ ಕಪಾಟಿನ ಹಿಂದೆ ಅವಿತುಕೊಂಡಳು.

ಅಜ್ಜ ಅತ್ತಿತ್ತ ನೋಡಿದರು. ಮೊಣಕಾಲಿಗೆ ಕೈ ಊರಿ ಅರ್ಧ ಎದ್ದರು. ಧೊಪ್ಪನೆ ಕೂತರು. ಇನ್ನೊಮ್ಮೆ ಪ್ರಯತ್ನಿಸಿದರು. ಆಗಲಿಲ್ಲ. ಮೊಣಕಾಲು ನೀವಿಕೊಳ್ಳುತ್ತಾ ಬಾಗಿಲ ಕಡೆ ನೋಡಿದರು.

ಅಷ್ಟರಲ್ಲಿ ಲಂಬು ಬಂದ. ಅವನ ಹಿಂದೆ ಉಳಿದವರೂ ಬಂದರು. "ಏನಾಯ್ತು ಸಾರ್?"

"ಏನಿಲ್ಲಪ್ಪ. ಮ್ಯಾಟಿನ ಹೊಲಿಗೆ ಬಿಟ್ಟಿದೆಯಾ ಅಂತ ನೋಡ್ತಿದೀನಿ."

ಮ್ಯಾಟ್ ಹೊಸದು. ಹೊಲಿಗೆ ಎಲ್ಲೂ ಬಿಟ್ಟಿರಲಿಲ್ಲ.

ಚಿನಕುರುಳಿ ಕಪಾಟಿನ ಹಿಂದಿನಿಂದ ಎಲ್ಲವನ್ನೂ ನೋಡಿದಳು. ಇಷ್ಟು ದಿನದ ಪ್ರಾಕ್ಟೀಸ್ ತನಗಲ್ಲ! ಅವಳು ಒಂದೇ ಉಸಿರಿಗೆ ಓಡಿಬಂದಳು.

"ಅಜ್ಜ! ನನ್ನ ಹಿಡಿತದ ಪ್ರಾಕ್ಟೀಸ್ ಮರೆತೇಬಿಟ್ಯಾ? ಶನಿವಾರ ಮ್ಯಾಚ್ ಇದೆ, ನಾನು ಸೋತ್ರೆ ನೀನೇ ಕಾರಣ!" ಇಡೀ ಹಾಲ್‌ಗೆ ಕೇಳುವಷ್ಟು ಜೋರಾಗಿ ಹೇಳಿದಳು.

ಅಜ್ಜನ ಮುಖ ಅರಳಿತು. "ಎಲ್ಲಿ ಹಾಳಾಗಿ ಹೋಗಿದ್ದೆ? ಬಾ, ಬಾ!"

ಅವಳು ಎರಡೂ ಕೈ ಹಿಡಿದಳು. ಇವತ್ತು ಜಗ್ಗಲಿಲ್ಲ, ನಿಧಾನವಾಗಿ ಎಳೆದಳು.

"ಕ್ರೇನ್ ಬಂತು!" ಎಂದ ಲಂಬು.

"ಹೂಂ, ಬಂತು. ನಿಂಗೇನೀಗ?"

ಅಜ್ಜ ಎದ್ದು ನಿಂತರು. ಅವರ ಮೊಣಕಾಲು ನೆಟ್ಟಗಾಗುವವರೆಗೂ ಅವಳು ಕೈ ಬಿಡಲಿಲ್ಲ.